ಶತ್ರುವಿನ ಕುರ್ಚಿಯಲ್ಲಿ ಅಕ್ಕ

ನಮ್ಮ ಆಫೀಸಿನಲ್ಲಿ ನನಗೆ ‘ಶತ್ರು ಮೇಡಂ’ ಅಂತಲೇ ಹೆಸರು. ವಾಯುಪಡೆಯ ಯುದ್ಧದಾಟದ ಕೋಣೆಯಲ್ಲಿ ನನ್ನ ಕೆಲಸವೇ ಅದು. ಶತ್ರುವಿನ ಕುರ್ಚಿಯಲ್ಲಿ ಕೂತು, ಶತ್ರುವಿನ ಹಾಗೇ ಯೋಚನೆ ಮಾಡಿ, ನಮ್ಮ ವಿಮಾನಗಳನ್ನು ಪರದೆಯ ಮೇಲೆ ಹೊಡೆದುರುಳಿಸೋದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದೋಳಿಗೆ ಇದಕ್ಕಿಂತ ಒಳ್ಳೇ ನೌಕರಿ ಎಲ್ಲಿ ಸಿಗುತ್ತೆ ಹೇಳಿ.

ಎದುರು ಮೇಜಿನಲ್ಲಿ ಕೂರೋನು ನನ್ನ ತಮ್ಮ. ಅವನು ನಿಜವಾಗಿಯೂ ಪೈಲಟ್. ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬೋ ದೊಡ್ಡ ವಿಮಾನ ಅವನದು. ‘ನಾನು ಹಾರೋ ಪೆಟ್ರೋಲ್ ಬಂಕಿನ ಯಜಮಾನ’ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ. ಆಟ ಇದ್ದಾಗ ಆ ವಿಮಾನದ ಮೇಜಿಗೆ ಅವನನ್ನೇ ಕರೆಸ್ತಾರೆ. ಅಕ್ಕ ಶತ್ರು, ತಮ್ಮ ಬಂಕು ಅಂತ ಎಲ್ಲರಿಗೂ ತಮಾಷೆ. ಅದು ತಪ್ಪು ಅಂತ ಯಾರ ತಲೆಗೂ ಹೊಳೆದಿರಲಿಲ್ಲ, ನನ್ನ ತಲೆಗೂ.

ಆ ವಾರದ ಆಟಗಳು ತಮಾಷೆಯವಲ್ಲ. ಗಡಿಯಾಚೆಯವರ ಯುದ್ಧವಿಮಾನಗಳಲ್ಲಿ ಬಹಳ ದೂರ ಹೋಗಿ ಹೊಡೆಯೋ ಕ್ಷಿಪಣಿ ಇದೆ. ನಮ್ಮದು ಅದರ ಅರ್ಧ ದೂರವೂ ಹೋಗಲ್ಲ. ಅಂಥದ್ದನ್ನೇ ನಾವೂ ಕೊಳ್ಳಬೇಕಾ, ಇಲ್ಲ ಇರೋದರಲ್ಲೇ ಸುಧಾರಿಸಬಹುದಾ ಅಂತ ತೀರ್ಮಾನ ಆಗಬೇಕಿತ್ತು. ಕೊಳ್ಳದೇ ಇದ್ದರೆ ಆ ದುಡ್ಡು ನೆಲದ ಮೇಲಿನವರಿಗೆ. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ತಗಡಿನ ಶೆಡ್ಡಿನಲ್ಲೇ ವಿಮಾನ ರಿಪೇರಿ ಮಾಡ್ತಾರೆ. ಒಂದು ಬಾಂಬು ಬಿದ್ದರೆ ಒಬ್ಬನೂ ಉಳಿಯಲ್ಲ. ಅವರಿಗೆ ಕಾಂಕ್ರೀಟಿನ ಶೆಡ್ ಕಟ್ಟಿಸಬೇಕು ಅಂತ ಎಂಜಿನಿಯರ್ ಒಬ್ಬರು ವರ್ಷಗಟ್ಟಲೆ ಎಲ್ಲರ ತಲೆ ತಿಂದಿದ್ದರು. ಕೊನೇ ದಿನ ಆ ಶೆಡ್ಡಿನ ನಕ್ಷೆ ಹಿಡ್ಕೊಂಡು ಮೊದಲ ಸಾಲಿನಲ್ಲೇ ಕೂತಿದ್ದರು, ಪಾಪ.

ಕೊನೇ ಆಟವೂ ಮುಗೀತು. ನಮ್ಮವರೇ ಗೆದ್ದರು. ಹಳೇ ಕ್ಷಿಪಣಿಯಲ್ಲೇ.

ನಮ್ಮಲ್ಲೊಂದು ಪದ್ಧತಿ ಇದೆ. ಆಟ ಮುಗಿದ ಮೇಲೆ ಶತ್ರು ಎದ್ದು ನಿಂತು ಶತ್ರುವಾಗಿಯೇ ಮಾತಾಡಬೇಕು. ಯಾಕೆ ಹಾಗೆ ಮಾಡಿದೆ, ಯಾಕೆ ಹೀಗೆ ಮಾಡಲಿಲ್ಲ, ಎಲ್ಲಾ ಹೇಳಬೇಕು. ನಾನು ಎದ್ದು ನಿಂತೆ. ತೀರ್ಮಾನ ಮಾಡಬೇಕಾದ ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಒರೆಸ್ತಾ ಕೇಳಿದರು.

“ಶತ್ರುಗಳೇ, ಆ ಇಂಧನದ ವಿಮಾನ ನಿಮ್ಮ ಕೈಗೆ ಚೆನ್ನಾಗೇ ಸಿಕ್ಕಿತ್ತಲ್ಲ. ಯಾಕೆ ಬಿಟ್ಟಿರಿ?”

“ಅದರ ಕಾವಲಿಗೆ ನಿಮ್ಮ ಫೈಟರ್‌ಗಳಿದ್ದವು. ಹತ್ತಿರ ಹೋಗೋದು ಅಪಾಯ ಅನ್ನಿಸ್ತು,” ಅಂದೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಅಂದರೆ ನನಗೇ ಆಶ್ಚರ್ಯ.

ಅವರು ತಲೆಯಾಡಿಸಿದರು. ನಾನು ಕೂತೆ. ಕೂತ ಮೇಲೆ ಹೊಳೀತು. ಹತ್ತಿರ ಯಾಕೆ ಹೋಗಬೇಕಿತ್ತು? ದೂರದಿಂದಲೇ ಹೊಡೆಯೋ ಕ್ಷಿಪಣಿ ನನ್ನ ಹತ್ತಿರ ಇತ್ತಲ್ಲ! ಅದು ಇರೋದೇ ಅಂಥ ದೊಡ್ಡ, ನಿಧಾನದ ವಿಮಾನಗಳಿಗೆ. ಬಂಕು ಬಿದ್ದರೆ ಫೈಟರ್‌ಗಳೆಲ್ಲ ನಡುದಾರಿಯಲ್ಲಿ ಎಣ್ಣೆ ಇಲ್ಲದೆ ಒದ್ದಾಡಬೇಕು. ಹೊಸದಾಗಿ ಸೇರಿದೋರಿಗೂ ಗೊತ್ತಿರೋ ವಿಷಯ. ಮೊನ್ನೆಯ ಆಟ ನೆನಪು ಮಾಡಿಕೊಂಡೆ, ಅದರ ಹಿಂದಿನದೂ. ಒಂದರಲ್ಲೂ ಅವನನ್ನು ಹೊಡೆದಿಲ್ಲ. ಪ್ರತಿ ಸಲವೂ ಒಂದಲ್ಲ ಒಂದು ನೆಪ ಸಿಕ್ಕಿತ್ತು, ಪ್ರತಿ ನೆಪವನ್ನೂ ನಾನು ಜಾಣತನ ಅಂದುಕೊಂಡಿದ್ದೆ. ಥೂ ನನ್ನ ಜನ್ಮಕ್ಕೆ!

ತಮ್ಮನ ಕಡೆ ನೋಡಿದೆ. ಪೆನ್ನು ತಿರುಗಿಸ್ತಾ ಆರಾಮಾಗಿ ಕೂತಿದ್ದ. ಗಡಿಯಲ್ಲಿ ಗಲಾಟೆ ಶುರುವಾದಾಗಿನಿಂದ ದಿನ ಬಿಟ್ಟು ದಿನ ಹಾರ್ತಾನೆ. ಅತ್ತ ಎಂಜಿನಿಯರ್ ಮುಖ ಮದುವೆ ಮನೆಯವರ ಮುಖದ ಹಾಗೆ ಅರಳಿತ್ತು. ಸುಮ್ಮನಿದ್ದರೆ ಅವರ ಶೆಡ್ಡು ಎದ್ದು ನಿಲ್ಲುತ್ತೆ, ಮೆಕ್ಯಾನಿಕ್‌ಗಳು ಬದುಕ್ತಾರೆ. ಸುಮ್ಮನಿದ್ದರೆ ನನ್ನ ತಮ್ಮ ಆ ದೂರದ ಕ್ಷಿಪಣಿಯನ್ನು ತಡೆಯೋ ಕಾವಲಿಲ್ಲದೆ ಹಾರ್ತಾನೇ ಇರ್ತಾನೆ.

“ಹಾಗಾದರೆ ಕೊಳ್ಳೋ ಅಗತ್ಯ ಇಲ್ಲ ಅಂತ...” ಅಧ್ಯಕ್ಷರು ಮಾತು ಮುಗಿಸ್ತಾ ಇದ್ದರು.

“ಸರ್, ಒಂದು ನಿಮಿಷ. ನಾನು ಈಗ ಹೇಳಿದ್ದು ಸುಳ್ಳು. ಅದನ್ನ ಬಿಟ್ಟಿದ್ದು ಅದರಲ್ಲಿ ನನ್ನ ತಮ್ಮ ಇದ್ದ ಅಂತ.”

ಎಲ್ಲರೂ ಹೋ ಅಂತ ನಕ್ಕರು. ನಾನು ನಗದೇ ನಿಂತಿದ್ದು ನೋಡಿ ಒಬ್ಬೊಬ್ಬರೇ ಸುಮ್ಮನಾದರು. ತಮ್ಮನ ಪೆನ್ನು ನಿಂತಿತು.

ಮತ್ತೆ ಆಡಿಸಿದರು. ಬೇರೆಯವರನ್ನು ಕೂರಿಸೋಣ ಅಂತ ಅಧ್ಯಕ್ಷರು ಅಂದರು. ಬೇಡ, ಕೆಡಿಸಿದೋಳು ನಾನು, ನಾನೇ ಸರಿ ಮಾಡ್ತೀನಿ ಅಂತ ಹಟ ಹಿಡಿದೆ. ಆಟ ಶುರುವಾಗಿ ಇನ್ನೂ ಟೀ ತಣ್ಣಗಾಗಿರಲಿಲ್ಲ, ದೂರದಿಂದಲೇ ಹೊಡೆದೆ. ಪರದೆಯ ಮೇಲಿನ ದೊಡ್ಡ ಚುಕ್ಕಿ ಹೋಯಿತು. ಹೊಡೆತ ತಿಂದವರು ಕೋಣೆಯಿಂದ ಹೊರಗೆ ಹೋಗಬೇಕು ಅನ್ನೋದು ನಿಯಮ. ತಮ್ಮ ಎದ್ದ, ಕುರ್ಚಿ ಸರಿಯಾಗಿ ಒಳಗೆ ತಳ್ಳಿದ, ಹೋದ. ಅವನು ಹೋದ ಮೇಲೆ ನಮ್ಮ ಫೈಟರ್‌ಗಳು ಎಣ್ಣೆ ಸಾಲದೆ ಒಂದೊಂದಾಗಿ ವಾಪಸ್ ತಿರುಗಿದವು. ಕೆಲವು ಮನೆ ಮುಟ್ಟಲಿಲ್ಲ.

“ಕೊಳ್ಳಲೇಬೇಕು,” ಅಂದರು ಅಧ್ಯಕ್ಷರು.

ಎಂಜಿನಿಯರ್ ನಕ್ಷೆಗಳನ್ನು ಸುತ್ತಿಕೊಂಡರು. ನನ್ನ ಪಕ್ಕ ಹಾದು ಹೋಗುವಾಗ ನಿಂತರು. “ನೀವು ಮಾಡಿದ್ದು ಸರಿ ಮೇಡಂ. ಆದರೆ ಶೆಡ್ಡಿಗೆ ವಾಪಸ್ ಹೋಗಿ ನಮ್ಮೋರಿಗೆ ನಾನು ಏನಂತ ಹೇಳ್ಲಿ?” ಬಯ್ದಿದ್ದರೆ ತಿರುಗಿಸಿ ಬಯ್ತಿದ್ದೆ, ಅದು ನನಗೆ ಬರುತ್ತೆ. ಅವರು ಬಯ್ಯಲಿಲ್ಲವಲ್ಲ.

ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದ.

“ಕೋಪಾನಾ?” ಅಂದೆ.

“ಇಲ್ವೇ ಅಕ್ಕ.”

“ಇನ್ನು ನಿನ್ನ ಕಾವಲಿಗೂ ಅದೇ ಕ್ಷಿಪಣಿ ಇರುತ್ತೆ ಕಣೋ. ಅವರು ಹತ್ತಿರ ಬರೋಕೂ ಹೆದರ್ತಾರೆ.”

“ಯಾವಾಗ? ಇವರು ಚೌಕಾಸಿ ಮಾಡಿ, ತರಿಸಿ, ರೆಕ್ಕೆಗೆ ಕಟ್ಟಿ, ಹೊಡೆಯೋದು ಕಲಿಯೋ ಹೊತ್ತಿಗೆ ನನಗೆ ತಲೆ ನರೆತಿರುತ್ತೆ.” ನಗೋಕೆ ನೋಡಿದ, ಆಗಲಿಲ್ಲ. “ನನ್ನ ಜೊತೆ ಹಾರೋರು ದಿನಾ ಕೇಳ್ತಿದ್ರು, ಏನ್ ಸಾರ್, ನಮ್ಮ ಗತಿ ಏನು ಅಂತ. ನಮ್ಮಕ್ಕನಂಥೋಳ ಕೈಗೇ ಒಂದ್ಸಲವೂ ಸಿಕ್ಕಿಲ್ಲ, ಇನ್ಯಾರ ಕೈಗೆ ಸಿಗ್ತೀವ್ರೋ ಅಂತಿದ್ದೆ. ಅವರೂ ನಂಬಿದ್ರು. ನಾನೂ ನಂಬಿದ್ದೆ ಕಣೇ.”

ನಾನು ಪ್ರೀತಿಗೆ ಹೊಡೆಯದೇ ಬಿಟ್ಟಿದ್ದು ಇವನ ಧೈರ್ಯವಾಗಿ ಆಕಾಶದಲ್ಲಿ ಓಡಾಡ್ತಾ ಇತ್ತು.

“ನಾಳೆ ಹಾರೋದಿದೆ. ಅವರಿಗೆ ಹೇಳಬೇಕಲ್ಲ. ನನ್ನ ಕೈಲಿ ಆಗಲ್ಲ ಅಕ್ಕ,” ಅಂದ.

“ನಡಿ, ನಾನೇ ಹೇಳ್ತೀನಿ.”

ಅವರು ಕೂರೋ ಕೋಣೆ ಅಂಗಳದ ಆಚೆ ಇತ್ತು. ಒಳಗೆ ಕೇರಂ ಆಡ್ತಿದ್ದರು. ನನ್ನನ್ನು ನೋಡಿದ್ದೇ ತಡ, ಎಲ್ಲರೂ ಎದ್ದು ನಿಂತರು. ಮೀಸೆ ಈಗಷ್ಟೇ ಸರಿಯಾಗಿ ಬಂದಿದ್ದ ಒಬ್ಬ ಕುರ್ಚಿ ಎಳೆದು ತಂದ.

“ಬನ್ನಿ ಬನ್ನಿ, ಕೂತ್ಕೊಳ್ಳಿ! ನೋಡ್ರಪ್ಪಾ, ನಮ್ಮನ್ನ ಹೊಡೆಯೋಕಾಗದ ಶತ್ರು ಬಂದ್ರು!”

ನಾನು ಕೂರಲಿಲ್ಲ. ತಮ್ಮ ನನ್ನ ಹಿಂದೆ ಬಾಗಿಲಲ್ಲೇ ನಿಂತಿದ್ದ.

“ಇವತ್ತು ಹೊಡೆದೆ ಕಣ್ರಪ್ಪಾ,” ಅಂದೆ.

ಅವರು ಇನ್ನೂ ನಗ್ತಾನೇ ಇದ್ದರು.