ಅಮ್ಮನ ದನಿಯ ಎಚ್ಚರಿಕೆ

ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಲ್ಲಿ ಬರುತ್ತದೆಂದು ಸಾರುವ ದನಿ ಆಕೆಯದು. ಊರಿಗೆಲ್ಲ ಆ ದನಿಯ ಪರಿಚಯವಿತ್ತು, ಮುಖದ್ದಲ್ಲ. ಅಂಗಡಿಯಲ್ಲಿ ನಿಂತು "ಟೊಮ್ಯಾಟೊ ಹೇಗೆ?" ಎಂದು ಕೇಳಿದರೂ ಸಾಕು, ಪಕ್ಕದವರು ಬೆಚ್ಚಿಬಿದ್ದು ಚೀಲ ಎತ್ತಿಕೊಳ್ಳುತ್ತಿದ್ದರು.

ಆ ದನಿಯನ್ನೇ ಹುಡುಕಿಕೊಂಡು ಆರೋಗ್ಯ ಇಲಾಖೆಯವರು ಬಂದರು. ಹೊಸ ನಿಯಮವೊಂದು ಜಾರಿಗೆ ಬಂದಿತ್ತು. ಹದಿನೆಂಟು ತುಂಬದವರು ಸೋಷಿಯಲ್ ಮೀಡಿಯಾ ತೆರೆದಾಗಲೆಲ್ಲ ಮೊದಲು ಒಂದು ಎಚ್ಚರಿಕೆ ಕೇಳಿಸಲೇಬೇಕು: "ಇದನ್ನು ಹೆಚ್ಚು ಹೊತ್ತು ನೋಡಿದರೆ ನಿಮ್ಮ ಮನಸ್ಸಿನ ಆರೋಗ್ಯ ಕೆಡಬಹುದು."

ರೆಕಾರ್ಡಿಂಗ್ ಕೋಣೆಯಲ್ಲಿ ಆಕೆ ಓದಿದ್ದನ್ನು ಕೇಳಿ ಗಾಜಿನಾಚೆ ಕೂತಿದ್ದ ಇಲಾಖೆಯ ಅಧಿಕಾರಿ ಅಡ್ಡಡ್ಡ ತಲೆಯಾಡಿಸಿದರು. "ಮೇಡಂ, ಮನಸ್ಸು ಎರಡನೇ ಪ್ಲಾಟ್‌ಫಾರಂಗೆ ಬರ್ತಾ ಇದೆ ಅನ್ನೋ ಥರ ಇದೆ. ಮನೇಲಿ ಮಗಳಿಗೆ ಹೇಗೆ ಹೇಳ್ತೀರಿ? ಹಾಗೆ ಹೇಳಿ."

ಆಕೆ ಹಾಗೇ ಹೇಳಿದಳು. ಒಂದೇ ಸಲಕ್ಕೆ ಒಪ್ಪಿಗೆಯಾಯಿತು.

ಒಪ್ಪದವಳು ಮಗಳೊಬ್ಬಳೇ. "ಅಮ್ಮಾ, ಅಡುಗೆಮನೆಯಿಂದ ಬೈಯೋದು ಸಾಲಲ್ಲ ಅಂತ ಫೋನೊಳಗೂ ಬಂದು ಕೂತ್ಯಾ? ನಮ್ಮ ಕ್ಲಾಸಿನವರೆಲ್ಲ ನನ್ನ ಕಂಡ್ರೆ 'ಮನಸ್ಸು ಕೆಡಬಹುದೂ' ಅಂತ ರಾಗ ಎಳೀತಾರೆ!"

"ಒಳ್ಳೇದನ್ನ ಯಾರು ಹೇಳಿದ್ರೇನೇ?" ಎಂದು ತಾಯಿ ಗಂಭೀರವಾಗಿಯೇ ನುಡಿದಳು. ಆದರೆ ರಾಗ ಎಳೆಯುತ್ತಾರೆಂಬ ಮಾತು ಕಿವಿಯಲ್ಲಿ ಉಳಿಯಿತು. ಮಗಳು ಶಾಲೆಗೆ ಹೋದ ಮೇಲೆ ಸುಮ್ಮನೆ ನೋಡೋಣವೆಂದು ತನ್ನ ಫೋನ್ ತೆರೆದಳು. ನಲವತ್ತು ದಾಟಿದವರಿಗೆ ಎಚ್ಚರಿಕೆ ಹೇಳುವವರು ಯಾರೂ ಇರಲಿಲ್ಲ. ಆಕೆ ನೆಟ್ಟಗೆ ಒಳಗಿಳಿದಳು.

ಯಾರೋ ಆಕೆಯ ದನಿಗೆ ತಾಳ ಹಾಕಿ ಕುಣಿದಿದ್ದರು. ಕೆಳಗೆ ಸಾಲುಸಾಲು ಕಾಮೆಂಟುಗಳು. ಹೊಗಳಿದವರೂ ಇದ್ದರು, ಆದರೆ ಹೊಗಳಿಕೆಯೆಲ್ಲ ಕಣ್ಣಿನಿಂದ ಜಾರಿಹೋಗಿ ಒಂದೇ ಒಂದು ಸಾಲು ಅಂಟಿಕೊಂಡಿತು: 'ಈ ಆಂಟಿ ಹುಟ್ಟಿದಾಗಿನಿಂದ ನಕ್ಕೇ ಇಲ್ಲ ಅನ್ಸತ್ತೆ.'

ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಮಾರನೆಯ ದಿನ ನಿಲ್ದಾಣದಲ್ಲಿ, ದನಿಯಲ್ಲೊಂದು ನಗು ಇರಲಿ ಎಂದುಕೊಂಡು, ಗಾಡಿ ಎರಡು ಗಂಟೆ ತಡವೆಂಬುದನ್ನು ನಗುನಗುತ್ತಾ ಸಾರಿದಳು. ಕಾದು ಬೇಸತ್ತಿದ್ದ ಪ್ರಯಾಣಿಕರು ನಿಲ್ದಾಣದ ಅಧಿಕಾರಿಯ ಕೋಣೆಗೆ ನುಗ್ಗಿದರು. ಆಕೆ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದು, ಊಟವನ್ನೂ ಮಾಡದೆ ಸೋಫಾದ ಮೂಲೆಯಲ್ಲಿ ಮತ್ತೆ ಅದೇ ಸಾಲು ನೋಡುತ್ತಾ ಕೂತಳು.

ಮಗಳು ಹಿಂದಿನಿಂದ ಬಗ್ಗಿ ನೋಡಿದಳು. "ಅಯ್ಯೋ ಅಮ್ಮಾ, ಇವನಾ? ನಮ್ಮ ಕ್ಲಾಸಿನವನೇ. ಮೂಗು ಒರೆಸ್ಕೊಳ್ಳೋಕೂ ಅವನಿಗೆ ಯಾರಾದ್ರೂ ನೆನಪು ಮಾಡ್ಬೇಕು. ಅವನ ಮಾತಿಗೆ ಊಟ ಬಿಟ್ಟಿದ್ದೀಯಾ?"

"ನಿನಗೇನು ಗೊತ್ತೇ ಅದರ ಸಂಕಟ?"

"ಗೊತ್ತಿಲ್ದೆ ಏನು?" ಎಂದಳು ಮಗಳು. ಆಮೇಲೆ ದನಿ ತಗ್ಗಿಸಿ, "ಹೋದ ವರ್ಷ ನನ್ನ ಫೋಟೋಗೆ 'ಹಲ್ಲೋ, ಬಾಗಿಲೋ' ಅಂತ ಬರೆದಿದ್ರು. ಕ್ಲಾಸಿನವರೆಲ್ಲ ಲೈಕ್ ಒತ್ತಿದ್ರು" ಎಂದಳು.

ಹೋದ ವರ್ಷವಿಡೀ ಹುಡುಗಿ ಫೋಟೋಗಳಲ್ಲಿ ತುಟಿ ಬಿಗಿದೇ ನಿಂತಿದ್ದಳು. ವಯಸ್ಸಿಗೆ ಬಂದವಳ ಬಿಂಕವೆಂದು ತಾಯಿ ನೆಂಟರೆದುರು ಆಡಿಕೊಂಡು ನಕ್ಕಿದ್ದೂ ಉಂಟು. ಈಗ ಆಕೆ ಫೋನ್ ಪಕ್ಕಕ್ಕಿಟ್ಟು ಮಗಳತ್ತ ತಿರುಗಿದಳು.

"ನನಗ್ಯಾಕೆ ಹೇಳ್ಲಿಲ್ಲ, ಪುಟ್ಟಿ?"

"ಹೇಳಿದ್ರೆ ಫೋನ್ ಕಿತ್ಕೊಳ್ತಿದ್ದೆ."

ನಿಜ, ಕಿತ್ತುಕೊಳ್ಳುತ್ತಿದ್ದಳು. "ಕಿತ್ಕೊಳ್ಳಲ್ಲ, ಬಾ" ಎಂದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಮಗಳು ಒಂದೊಂದಾಗಿ ಎಲ್ಲ ಹೇಳಿದಳು. ಹೇಳುತ್ತಾ ಅತ್ತಳು, ಮೂಗು ಒರೆಸಿಕೊಂಡಳು. ಕೊನೆಗೆ ಬೇಡದ ಕಾಮೆಂಟು ಮರೆಮಾಡುವುದು ಹೇಗೆಂದು ತಾಯಿಗೆ ಕಲಿಸತೊಡಗಿದಳು. ತಾಯಿ ಮೊದಲ ಪ್ರಯತ್ನದಲ್ಲೇ ಆ ಹುಡುಗನ ಮಾತಿಗೆ ಲೈಕ್ ಒತ್ತಿಬಿಟ್ಟಳು.

ಬೆಳಿಗ್ಗೆ ಆಕೆ ಆರೋಗ್ಯ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದಳು. "ಸರ್, ಬರೀ ಕೆಡಬಹುದು ಅಂದ್ರೆ ಮಕ್ಕಳು ಏನು ಮಾಡ್ಬೇಕು? ಬೇಜಾರಾದ್ರೆ ಮನೇಲಿ ಹೇಳ್ಕೊಳ್ಳಿ, ಬೈಯಲ್ಲ ಅಂತ ಒಂದು ಮಾತು ಸೇರಿಸೋಣ."

ವಿಷಯ ಸಮಿತಿಗೆ ಹೋಯಿತು. ಸಮಿತಿಯವರು ಚಹಾ ಕುಡಿದು, ಚರ್ಚಿಸಿ, ತಿದ್ದಿ ಕಳಿಸಿದರು. ಆಕೆ ಅದನ್ನು ಮಗಳಿಗೆ ಓದಿ ಹೇಳಿದಳು: "ಅಗತ್ಯವಿದ್ದಲ್ಲಿ ಸಂಬಂಧಪಟ್ಟ ಹಿರಿಯರನ್ನು ಸಂಪರ್ಕಿಸತಕ್ಕದ್ದು."

"ಸಂಬಂಧಪಟ್ಟ ಹಿರಿಯರು ಅಂದ್ರೆ ಯಾರಮ್ಮಾ?"

"ನಾನೇ ಕಣೇ," ಎಂದಳು ತಾಯಿ. ಮಗಳು ಬಾಯ್ತುಂಬಾ ನಕ್ಕಳು.