ಅಪ್ಪ ನೋಡದ ಪರದೆ

ಆ ಕಾನ್ವೆಂಟ್ ಶಾಲೆಯ ಡ್ರಾಯಿಂಗ್ ಕೋಣೆಗೆ ಒಂದು ವಾಸನೆ ಇತ್ತು. ಸೀಮೆಎಣ್ಣೆ ಸ್ಟೌ ಮೇಲೆ ಅಂಟು ಕಾಯಿಸಿ, ಅದಕ್ಕೆ ಬಣ್ಣದ ಪುಡಿ ಕಲಸುವಾಗ ಏಳುತ್ತಿದ್ದ ವಾಸನೆ. ಬೇರೆ ಹುಡುಗಿಯರು ಮೂಗು ಮುಚ್ಚಿಕೊಂಡು ಓಡಿದರೆ ಕಡ್ಡಿ ಮಾತ್ರ ಡಬ್ಬಿಯ ಮೇಲೆ ಬಗ್ಗಿ ನಿಲ್ಲುತ್ತಿದ್ದಳು. ಸಣಕಲಿಯಾದ್ದರಿಂದ ಗೆಳತಿಯರು ಇಟ್ಟ ಅಡ್ಡಹೆಸರು ಅದು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ, ಮೈಯೂ ತುಂಬಿದೆ. ಆದರೂ ಎಲ್ಲಾದರೂ ಅಂಟು ಕಾಯುವ ವಾಸನೆ ಬಂದರೆ ಸಾಕು, ಒಂಬತ್ತನೇ ಕ್ಲಾಸಿನ ಕಡ್ಡಿಯಾಗಿಬಿಡುತ್ತಾಳೆ.

ಆ ವರ್ಷ ಶಾಲೆಯ ನಾಟಕಕ್ಕೆ ಹಿಂದಿನ ಪರದೆ ಬರೆಯುವ ಕೆಲಸವನ್ನು ಡ್ರಾಯಿಂಗ್ ಸಿಸ್ಟರ್ ಅವಳಿಗೆ ಒಪ್ಪಿಸಿದರು. ಲೆಕ್ಕ ಅವಳ ತಲೆಗೆ ಹತ್ತುತ್ತಿರಲಿಲ್ಲ, ಹಾಡಲು ನಿಲ್ಲಿಸಿದರೆ ಪಕ್ಕದವರ ಶ್ರುತಿಯೂ ಕೆಟ್ಟುಹೋಗುತ್ತಿತ್ತು. ಅಂಥವಳ ಕೈಗೆ ವೇದಿಕೆಯಷ್ಟು ಅಗಲದ ಬಟ್ಟೆ! ಅದನ್ನು ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಮೇಲೇ ಓಡಾಡುತ್ತಾ ಒಂದು ಹೊಳೆ ಬರೆದಳು. ದಡದಲ್ಲಿ ಮರಗಳು, ದೂರದಲ್ಲಿ ಕೋಟೆ, ನೀರು ಕುಡಿಯುವ ಒಂದು ಬಿಳಿ ಕುದುರೆ.

"ಇದು ಮರವೋ ಪೊರಕೆಯೋ?" ಎಂದರು ಸಿಸ್ಟರ್ ಮೊದಲ ದಿನ.

"ಮರ, ಸಿಸ್ಟರ್."

"ಹಾಗಾದ್ರೆ ಕಿಟಕಿ ತೆಗೆದು ಮರಾನ ನೋಡಿ ಬಾ. ಎಲೆ ಎಣಿಸ್ತಾ ಕೂರಬೇಡ. ನೆರಳು ಎಲ್ಲಿ ಬಿದ್ದಿದೆ, ಅಷ್ಟು ನೋಡು."

ನೋಡಿದಳು, ಅಳಿಸಿದಳು, ಮತ್ತೆ ಬರೆದಳು. ನಾಟಕದ ಸಂಜೆ ಮುಂದಿನ ಪರದೆ ಸರಿದಾಗ, ರಾಜನ ಬಾಯಿಂದ ಮಾತು ಹೊರಡುವ ಮೊದಲೇ ಇಡೀ ಹಾಲ್ "ಅಬ್ಬಾ" ಎಂದಿತು. ಆ ಒಂದು ಉಸಿರನ್ನು ಕಡ್ಡಿ ತೆರೆಯ ಮರೆಯಲ್ಲಿ ನಿಂತು ಕೇಳಿದಳು. ಕೇಳಬೇಕಾಗಿದ್ದ ಇನ್ನೊಬ್ಬರು ಅಲ್ಲಿರಲಿಲ್ಲ. ಅಪ್ಪ ಲಾರಿ ಡ್ರೈವರ್. ಲೋಡು ಹೊತ್ತು ಹೋದ ಲಾರಿ ದಾರಿಯಲ್ಲೇ ಕೆಟ್ಟು ಕೂತಿತ್ತು. ಬೀದಿ ಕೊನೆಯ ಅಂಗಡಿಗೆ ಫೋನ್ ಮಾಡಿ, "ಬಂದ ತಕ್ಷಣ ಮೊದಲು ನಿನ್ನ ಪರದೆ, ಆಮೇಲೆ ಸ್ನಾನ," ಎಂದಿದ್ದ.

ಶನಿವಾರ ಮಧ್ಯಾಹ್ನ ಆ ಶಾಲೆಯಲ್ಲಿ ಪಾಠ ಇರುತ್ತಿರಲಿಲ್ಲ, ಸೇವೆ ಇರುತ್ತಿತ್ತು. ಹುಡುಗಿಯರು ಶಾಲೆಯ ಹಿಂದಿದ್ದ ವೃದ್ಧೆಯರ ಆಶ್ರಮಕ್ಕೆ ಹೋಗಿ ಅಜ್ಜಿಯರ ತಲೆ ಬಾಚಿ, ಉಗುರು ಕತ್ತರಿಸಿ, ಪೇಪರ್ ಓದಿ ಬರಬೇಕು. ನಾಟಕ ಮುಗಿದ ವಾರ, ಹೊರಡುವ ಮುನ್ನ ಸಿಸ್ಟರ್ ಕತ್ತರಿ ತೆಗೆದಿಟ್ಟರು.

"ಈ ಸಲದ ಬಟ್ಟೆ ಆಶ್ರಮದ ಮಂಚಗಳ ನಡುವೆ ಪರದೆಯಾಗುತ್ತೆ. ಇವತ್ತೇ ಕತ್ತರಿಸಿ ಹೊಲಿಗೆಗೆ ಕೊಡೋಣ."

ಪ್ರತಿ ವರ್ಷದ ನಾಟಕದ ಬಟ್ಟೆ ಹೀಗೇ ಯಾವುದಾದರೂ ಉಪಯೋಗಕ್ಕೆ ಹೋಗುತ್ತಿತ್ತು. ಕಡ್ಡಿಗೂ ಅದು ಗೊತ್ತಿತ್ತು. ಆದರೆ ಅದು ಬೇರೆಯವರ ಬಟ್ಟೆಯ ಮಾತು.

"ಸಿಸ್ಟರ್, ಮುಂದಿನ ವಾರ ಕತ್ತರಿಸಿದ್ರೆ ಆಗಲ್ವಾ? ನಮ್ಮಪ್ಪ ಇನ್ನೂ ನೋಡಿಲ್ಲ."

ಸಿಸ್ಟರ್ ಬೈಯಲಿಲ್ಲ. "ನನ್ನನ್ನ ಕೇಳಬೇಡ ಮಗಳೇ. ಸೇವೆಗೆ ಹೋಗ್ತಿದ್ದೀಯಲ್ಲ, ಹೋಗಿ ಬಾ. ಬಂದು ನೀನೇ ಹೇಳು. ನೀನು ಹೇಳಿದ ವಾರ ಕತ್ತರಿಸೋಣ."

ಗೆದ್ದೆ ಎಂದುಕೊಂಡೇ ಕಡ್ಡಿ ಆಶ್ರಮಕ್ಕೆ ಹೋದಳು. ಉದ್ದನೆಯ ಹಾಲ್, ಎರಡೂ ಕಡೆ ಸಾಲು ಮಂಚಗಳು. ಹಾಸಿಗೆ ಹಿಡಿದ ಒಬ್ಬ ಅಜ್ಜಿಗೆ ಆಯಾ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಳು. ಬಲ್ಬು ಹಾಕಲು ಬಂದವನು ಬಾಗಿಲಲ್ಲೇ ನಿಂತು ಗೋಡೆ ಕಡೆ ತಿರುಗಿಕೊಂಡ. ಅಜ್ಜಿ ಟವೆಲನ್ನು ಮೈಗೆ ಎಳೆದುಕೊಳ್ಳಲಿಲ್ಲ, ಮುಖಕ್ಕೆ ಎಳೆದುಕೊಂಡಳು. ಅಮ್ಮ ತನಗೆ ಸ್ನಾನ ಮಾಡಿಸುವುದನ್ನು ಬಿಟ್ಟು ಎಷ್ಟೋ ವರ್ಷವಾದ ಕಡ್ಡಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಆಯಾ ಹೋದ ಮೇಲೆ ತಲೆ ಬಾಚುತ್ತಾ ಮೆಲ್ಲಗೆ ಕೇಳಿದಳು. "ಮುಖ ಯಾಕೆ ಮುಚ್ಚಿಕೊಂಡ್ರಿ ಅಜ್ಜಿ?"

"ಇನ್ನೇನು ಮಾಡ್ಲಿ ಮಗಾ? ನಾನು ಯಾರನ್ನೂ ನೋಡದಿದ್ರೆ, ನನ್ನನ್ನೂ ಯಾರೂ ನೋಡ್ತಿಲ್ಲ ಅಂದ್ಕೋತೀನಿ. ಮೆತ್ತಗೆ ಬಾಚೇ, ಇರೋ ನಾಲ್ಕು ಕೂದಲು ನಿನ್ನ ಕೈಗೇ ಬಂದಾವು!"

ಕಡ್ಡಿ ವಾಪಸ್ಸು ಬಂದವಳೇ ಬಟ್ಟೆಯನ್ನು ನೆಲಕ್ಕೆ ಹಾಸಿದಳು. ಕತ್ತರಿ ಎತ್ತಿಕೊಂಡಳು. ಹೊಳೆಯನ್ನು ಸರಸರನೆ ಕತ್ತರಿಸಿದಳು. ಕುದುರೆಯ ನಡುವಿಗೆ ಬಂದಾಗ ಕತ್ತರಿ ನಿಂತುಹೋಯಿತು. ಕತ್ತರಿಸುವ ಗೆರೆಯನ್ನು ಪಕ್ಕಕ್ಕೆ ಸರಿಸೋಣವೆಂದರೆ ಒಂದು ಮಂಚಕ್ಕೆ ಪರದೆ ಸಾಲದು. ಸಿಸ್ಟರ್ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು, ಅಷ್ಟೆ. ಅಳುತ್ತಲೇ ಕತ್ತರಿಸಿದಳು.

ಅಪ್ಪ ಬಂದಿದ್ದು ಪರದೆಗಳೆಲ್ಲ ಆಶ್ರಮದಲ್ಲಿ ತೂಗಿದ ಮೇಲೆ. ಚಪ್ಪಲಿ ಬಿಡುವ ಮೊದಲೇ, "ಎಲ್ಲಿ, ನಡಿ ತೋರಿಸು," ಎಂದ.

"ಕತ್ತರಿಸಿಬಿಟ್ವಿ ಅಪ್ಪಾ. ನಾನೇ ಕತ್ತರಿಸಿದೆ."

ಅಪ್ಪನ ಮುಖ ಒಂದು ಗಳಿಗೆ ಸಪ್ಪಗಾಯಿತು. "ತುಂಡಾದ್ರೂ ಇದೆಯಾ?"

"ಇದೆ. ತುಂಡಲ್ಲಿ ಏನು ಕಾಣುತ್ತೆ?"

"ಬಿಡಿಭಾಗ ನೋಡಿ ಇದು ಯಾವ ಗಾಡೀದು ಅಂತ ಹೇಳೋನು ನಾನು. ನಡಿಯೇ."

ಆಶ್ರಮದಲ್ಲಿ ಅವನನ್ನು ಕಂಡದ್ದೇ ತಡ, ಅಜ್ಜಿಯರು ಮದುವೆಮನೆಯವರ ಹಾಗೆ ಮುತ್ತಿಕೊಂಡರು. "ಪರದೆ ಹುಡುಗಿಯ ಅಪ್ಪನಂತೆ!" ಒಬ್ಬಳು ತನ್ನ ಕೋಟೆ ತೋರಿಸಿದಳು. ಇನ್ನೊಬ್ಬಳು ತನ್ನ ಪಾಲಿನ ಹೊಳೆಯೇ ಹೆಚ್ಚು ಆಳ ಎಂದಳು. ಕುದುರೆಯ ತಲೆ ಒಬ್ಬಳಿಗೆ ಬಂದಿತ್ತು, ಬಾಲ ಪಕ್ಕದವಳಿಗೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

"ಮೇವು ತಿನ್ನೋದು ನನ್ನ ಕಡೆ," ಎಂದಳು ತಲೆಯವಳು.

"ಒದೆಯೋದು ನನ್ನ ಕಡೆ. ನೆನಪಿಟ್ಕೋ!"

ಅಪ್ಪ ಕೈ ಮುಗಿದ. "ಅಮ್ಮಂದಿರಾ, ಇಬ್ಬರೂ ಸ್ವಲ್ಪ ಎಳೀರಿ. ನನಗೋಸ್ಕರ."

ಒಣ ಎಲೆ ತುಳಿದಂತೆ ಸದ್ದು ಮಾಡುತ್ತಾ ಎರಡೂ ಪರದೆ ಹತ್ತಿರ ಬಂದವು. ಅಂಚಿನ ಹೊಲಿಗೆಯ ಮಡಿಕೆಗೆ ಹೋದಷ್ಟು ಹೋಗಿ, ಹೊಟ್ಟೆ ಸಣ್ಣಗಾದ ಕುದುರೆ ನೀರು ಕುಡಿಯುತ್ತಾ ನಿಂತಿತು. ಅಪ್ಪ ಮುಂದೆ ಹೋಗಿ ನೋಡಿದ, ಹಿಂದೆ ಬಂದು ನೋಡಿದ.

"ಇಡೀ ಇದ್ದಾಗ ಬೇರೆ ಥರ ಇತ್ತು ಅಪ್ಪಾ," ಎಂದಳು ಕಡ್ಡಿ. "ಇಡೀದು ನೀನು ನೋಡಲೇ ಇಲ್ಲ."

"ಇಲ್ಲಮ್ಮಾ, ನೋಡಲಿಲ್ಲ," ಎಂದ ಅಪ್ಪ. ಸುಳ್ಳು ಸಮಾಧಾನ ಅವನ ಬಾಯಲ್ಲಿ ಯಾವತ್ತೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮೂಲೆಯ ಮಂಚದಿಂದ ದೂರು ಬಂತು. "ಎಲ್ಲರಿಗೂ ಒಂದೊಂದು ಕೊಟ್ಟು ನನಗೆ ಮಾತ್ರ ಖಾಲಿ ಆಕಾಶ ಕೊಟ್ಟಿದ್ದಾಳೆ ನಿನ್ನ ಮಗಳು. ಇದೇನು ನ್ಯಾಯ? ಒಂದು ಕಾಗೆ ಬರೆದುಕೊಡು ಅನ್ನು."

"ಕಾಗೆ ಯಾಕೆ ಅಜ್ಜಿ? ನವಿಲು ಬರೀತೀನಿ."

"ನವಿಲಿಗೆ ಜಂಬ. ಕಾಗೆಯಾದ್ರೆ ನಾಲ್ಕು ಮಾತು ಬೈಯಬಹುದು."

ಜೊತೆಗೆ ಬಂದಿದ್ದ ಸಿಸ್ಟರ್ ನಗುತ್ತಾ ಬಣ್ಣದ ಡಬ್ಬಿ ತರಿಸಿದರು. ಕಡ್ಡಿ ಸ್ಟೂಲ್ ಹತ್ತಿದಳು. ಅಪ್ಪ ಎರಡೂ ಕೈಯಲ್ಲಿ ಸ್ಟೂಲ್ ಹಿಡಿದು ಕೆಳಗೆ ಕೂತ. ಮೊದಲು ರೆಕ್ಕೆಯ ಬಾಗು, ಆಮೇಲೆ ಕೊಕ್ಕು. ಅವಳ ಕೈ ನಿಂತರೆ ಅವನ ಉಸಿರೂ ನಿಲ್ಲುತ್ತಿತ್ತು, ಕುಂಚ ಸರಿದರೆ ಅವನ ತಲೆಯೂ ಸರಿಯುತ್ತಿತ್ತು. ಮಗಳು ಬರೆಯುವುದನ್ನು ಅವನು ನೋಡಿದ್ದು ಅದೇ ಮೊದಲು. ಒಂದು ತೊಟ್ಟು ಕಪ್ಪು ಬಣ್ಣ ಅವನ ಅಂಗಿಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಕಣ್ಣು ಹಾಕೇ, ಕಣ್ಣು ಹಾಕು! ಕುರುಡು ಕಾಗೆ ನನಗೆ ಬೇಡ," ಎಂದು ಅಜ್ಜಿ ಅವಸರ ಮಾಡಿದಳು.

"ಸ್ವಲ್ಪ ಸುಮ್ಮನಿರಿ ಅಮ್ಮಾ," ಎಂದ ಅಪ್ಪ, ಮೇಲೆ ನೋಡುತ್ತಲೇ. "ಅವಳು ಬರೀತಿದ್ದಾಳೆ."