ಹಲ್ಲುನೋವು ಅಂತ ಹೇಳ್ರಿ

"ಯಾರರೆ ಕೇಳಿದ್ರ ಹಲ್ಲುನೋವು ಅಂತ ಹೇಳ್ರಿ," ಅವ್ವ ಹೊಸ್ತಿಲಲ್ಲಿ ನಿಂತು ಪಿಸುಗುಟ್ಟಿದಳು. ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು ಗೊತ್ತಾದರೆ ನನ್ನ ತಂಗಿ ಅನುರಾಧಾಗೆ ಗಂಡು ಸಿಗುವುದಿಲ್ಲವಂತೆ. ಹುಡುಗಿಗೆ ನಿದ್ದೆಯಿಲ್ಲ. ಕಾಲೇಜಿನ ಚೀಲ ಕಂಡರೆ ಕೈ ನಡುಗುತ್ತದೆ. ಅನ್ನ ಮಣ್ಣಿನಂತೆ ಅನ್ನಿಸುತ್ತದೆ ಅನ್ನುತ್ತಾಳೆ. ಅವಳ ಜೀವಕ್ಕಿಂತ ಇನ್ನೂ ಬಾರದ ಗಂಡು ದೊಡ್ಡವನೇ?

ಚಿಮ್ಮಡದಲ್ಲಿ ತುಕಾರಾಮನ ಟಂಟಂ ರಿಕ್ಷಾ ಹತ್ತಿದೆವು. ಬನಹಟ್ಟಿಯಲ್ಲಿ ಇಳಿದು ಜಮಖಂಡಿ ಬಸ್ಸು ಹಿಡಿಯಬೇಕಿತ್ತು. ಎದುರಿಗೆ ನಮ್ಮ ಓಣಿಯ ಸಿದ್ದಕ್ಕ ಚಿಗವ್ವ ಕೂತಿದ್ದಳು.

"ಅಣ್ಣಾ ತಂಗಿ ಎಲ್ಲಿಗಿ ಹೊಂಟೀರಿ?"

"ಹಲ್ಲುನೋವು," ಎಂದಳು ಅನುರಾಧಾ, ನೆಲ ನೋಡುತ್ತ.

ಸಿದ್ದಕ್ಕ ಎಲೆಅಡಿಕೆಯ ಚಂಚಿ ಬಿಚ್ಚಿ ಲವಂಗ ಕೊಟ್ಟಳು. "ಕಡದು ಇಟ್ಕೊ. ಹಲ್ಲುನೋವಿಗಿ ಇಷ್ಟು ಸೊರಗೂದೇನ? ಪರೀಕ್ಷಾ ಬಂತು, ಛಲೋತಂಗ ಓದವ್ವಾ. ನಿನ್ನ ಸಲುವಾಗಿ ಅಣ್ಣ ಸಾಲಿ ಬಿಟ್ಟು ರಬಕವ್ಯಾಗ ಮಗ್ಗಕ್ಕ ನಿಂತಾನ. ನೀ ಫೇಲಾದ್ರ ಅವನ ಬಾಳೇ ಮಣ್ಣಪಾಲು."

ಇದೇ ಮಾತು! ಮನೆಯಲ್ಲಿ ಅವ್ವ, ಬೀರಪ್ಪನ ಗುಡಿಯಲ್ಲಿ ಭಂಡಾರ ಹಚ್ಚುತ್ತ ಪೂಜಾರಿ, ನೀರಿಗೆ ಹೋದರೆ ಓಣಿಯವರು. ಎಲ್ಲರೂ ಒಂದೊಂದು ಕಲ್ಲು ಹೇರಿ ಹೋದವರೇ. ಹೊರುವವಳು ಮಾತ್ರ ಇವಳೊಬ್ಬಳು.

ಅವಳು ಲವಂಗವನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆ ವಾಲಿದಳು. "ಅಣ್ಣಾ, ಮನಿಗಿ ಹೋಗೂಣು."

ಇವತ್ತು ತಿರುಗಿ ಹೋದರೆ ಅವಳು ಮತ್ತೆ ಹೊರಡುವವಳಲ್ಲ. ನನ್ನ ನೆತ್ತಿಗೆ ಬೆಂಕಿ ಬಿತ್ತು.

"ನಾ ಯಾರ ಸಲುವಾಗೀನೂ ಸಾಲಿ ಬಿಟ್ಟಿಲ್ಲ, ಚಿಗವ್ವಾ! ಏಳನೇ ಕ್ಲಾಸಿನ್ಯಾಗ ಮಾಸ್ತರ ಬಡದ. ಪಾಟಿಚೀಲ ಅವನ ಕಾಲಾಗ ಒಗದು ಬಂದೆ. ನನಗ ಸಾಲಿ ಬ್ಯಾಡಾಗಿತ್ತು, ಆತಿಲ್ಲೋ? ಆವಾಗ ಇಕಿ ಅಂಗನವಾಡ್ಯಾಗ ಉಪ್ಪಿಟ್ಟು ತಿಂತಿದ್ಲು!"

ತುಕಾರಾಮ ಕನ್ನಡಿಯಲ್ಲಿ ನೋಡಿ ನಕ್ಕ. "ಹಲ್ಲುನೋವಿನ ಮಾತು ಎಲ್ಲಿ ಹೋತಲೇ ಪರಮ್ಯಾ?"

ನಾನು ಬಾಯಿ ತೆರೆಯುವುದರೊಳಗೆ ಅನುರಾಧಾ ನನ್ನ ತೋಳು ಹಿಡಿದಳು.

"ಖರೆ ಏನಣ್ಣಾ? ನನ್ನ ಸಲುವಾಗಿ ಅಲ್ಲಾ?"

"ಬೀರಪ್ಪನ ಆಣಿ."

ಅವಳು ಕನ್ನಡಿಯತ್ತ ತಿರುಗಿದಳು.

"ಹಲ್ಲು ಗಟ್ಟಿ ಅದಾವ ಕಾಕಾ. ಮನಸ್ಸಿಗೆ ಆರಾಮಿಲ್ಲ. ಜಮಖಂಡ್ಯಾಗ ಮನಸ್ಸಿನ ಡಾಕ್ಟರ ಕಡೆ ಹೊಂಟೇನಿ. ಬೇಕಾದ್ರ ಊರ ತುಂಬ ಹೇಳ್ರಿ."

ಸಿದ್ದಕ್ಕ ಚಂಚಿ ಕಟ್ಟುವುದನ್ನೇ ಮರೆತಳು. ಅನುರಾಧಾ ಲವಂಗ ಬಾಯಿಗೆ ಹಾಕಿ ಕಟಕ್ಕನೆ ಕಡಿದಳು.

"ಲಗೂ ಹೊಡೀರಿ ಕಾಕಾ, ಬಸ್ ತಪ್ಪತೈತಿ."